ಮಕ್ಕಳ ಶಿಬಿರಕ್ಕೆ ಡಿಸ್ಕೌಂಟ್ ಕಾರ್ಡ್ ಮಾರಬಹುದಾ?

ಪ್ರಶ್ನೆ: ನಾನು ತುಮಕೂರಿನ ಒಂದು ಬಡಾವಣೆಯ ಯುವ ಸಂಘದ ಖಜಾಂಚಿ. ಸಂಘ ನೋಂದಣಿಯಾಗಿದೆ. ದಸರಾ ರಜೆಯಲ್ಲಿ 11ರಿಂದ 16 ವರ್ಷದ 40 ಮಕ್ಕಳನ್ನು ದೇವರಾಯನದುರ್ಗದ ಕಡೆ ಮೂರು ದಿನದ ಶಿಬಿರಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಒಬ್ಬರಿಗೆ 1,800 ರೂಪಾಯಿ ಖರ್ಚು ಬರುತ್ತದೆ. ಅರ್ಧದಷ್ಟು ಮನೆಯವರಿಗೆ ಅಷ್ಟು ಕೊಡುವ ಶಕ್ತಿ ಇಲ್ಲ. ಬೆಂಗಳೂರಿನಿಂದ ಒಬ್ಬ ಏಜೆಂಟ್ ಬಂದಿದ್ದರು. 20 ಅಂಗಡಿಗಳ ರಿಯಾಯಿತಿ ಇರುವ ಕಾರ್ಡ್ ಮಾಡಿಕೊಡುತ್ತಾರಂತೆ. ಕಾರ್ಡಿಗೆ 200 ರೂಪಾಯಿ. ಅದರಲ್ಲಿ 120 ಅವರಿಗೆ, 80 ನಮಗೆ. ಕನಿಷ್ಠ 1,000 ಕಾರ್ಡ್ ತೆಗೆದುಕೊಳ್ಳಬೇಕು. ಅವರ ಪಾಲಿನ ಅರ್ಧ ಹಣ ಮುಂಗಡ, ಮಿಕ್ಕಿದ್ದು ಎರಡು ತಿಂಗಳೊಳಗೆ. ಉಳಿದ ಕಾರ್ಡ್ ವಾಪಸ್ ತೆಗೆದುಕೊಳ್ಳುವುದಿಲ್ಲ. ಒಂದು ಮಗು 25 ಕಾರ್ಡ್ ಮಾರಿದರೆ ಸಾಕು ಅನ್ನುತ್ತಾರೆ. ಅಮೆರಿಕದ ಸ್ಕೌಟ್ ಮಕ್ಕಳು ಹೀಗೇ ಮಾಡುವುದು ಅಂತ ಫೋಟೋ ಕೂಡ ತೋರಿಸಿದರು. ಆದರೆ ಕೆಲವು ಪೋಷಕರು "ಮಕ್ಕಳನ್ನ ಭಿಕ್ಷೆಗೆ ಕಳಿಸ್ತೀರಾ?" ಎಂದು ಕೇಳುತ್ತಿದ್ದಾರೆ. ಜಿಎಸ್‌ಟಿ ನಂಬರ್ ಬೇಕು ಅಂತ ಒಬ್ಬರು, ಲಕ್ಕಿ ಡಿಪ್ ಸೇರಿಸಿದರೆ ಬೇಗ ಖರ್ಚಾಗುತ್ತದೆ ಅಂತ ಇನ್ನೊಬ್ಬರು. ಏನು ಮಾಡಲಿ?

ಉತ್ತರ: ಸಂಘ-ಸಂಸ್ಥೆಗಳ ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ಕಾರ್ಡ್ ಮಾರುವುದು ತಪ್ಪಲ್ಲ. ಆದರೆ ಈ ಏಜೆಂಟರ ಒಪ್ಪಂದಕ್ಕೆ ಸಹಿ ಹಾಕಬೇಡಿ. ಇವೆರಡೂ ಬೇರೆ ಬೇರೆ ವಿಷಯ. ನಿಮ್ಮ ಪತ್ರದಲ್ಲಿ ಎರಡೂ ಒಂದಾಗಿಬಿಟ್ಟಿವೆ, ಅದಕ್ಕೇ ಗೊಂದಲ ಜಾಸ್ತಿಯಾಗಿದೆ.

ಮೊದಲು ನಿಮಗೆ ಎಷ್ಟು ಹಣ ಬೇಕು ನೋಡೋಣ. 40 ಮಕ್ಕಳಿಗೆ ಒಟ್ಟು 72,000 ರೂಪಾಯಿ. ಅರ್ಧ ಮಕ್ಕಳ ಮನೆಯವರು ಪೂರ್ತಿ ಕೊಡುತ್ತಾರೆ ಅಂದರೆ ಕೊರತೆ 36,000 ಮಾತ್ರ. ಕಾರ್ಡ್ ಮಾರಿ ಹುಟ್ಟಿಸಬೇಕಾದ್ದು ಇಷ್ಟೇ. "ಸಾವಿರ ಕಾರ್ಡಿಗೆ 80,000 ಬರುತ್ತೆ" ಅನ್ನುವ ಮಾತು ಕೇಳಿದಾಗ ಈ ಸಣ್ಣ ಸಂಖ್ಯೆ ಮರೆತುಹೋಗುತ್ತದೆ.

ಈಗ ಏಜೆಂಟರ ಲೆಕ್ಕ. ಸಾವಿರ ಕಾರ್ಡಿಗೆ ಅವರ ಪಾಲು 1,20,000. ಉಳಿದದ್ದು ವಾಪಸ್ ಇಲ್ಲ ಅಂದಮೇಲೆ ಇದು ಕಮಿಷನ್ ಅಲ್ಲ, ನೀವು ಸಾವಿರ ಕಾರ್ಡನ್ನು ಕೊಂಡುಕೊಂಡಂತೆ. ಮಾರಿದರೂ ಸರಿ, ಮಾರದಿದ್ದರೂ ಸರಿ, ಆ ಹಣ ಕೊಡಲೇಬೇಕು. ಅಂದರೆ ಮೊದಲ 600 ಕಾರ್ಡಿನ ದುಡ್ಡು ಪೂರ್ತಿ ಅವರಿಗೇ ಹೋಗುತ್ತದೆ. 601ನೇ ಕಾರ್ಡಿನಿಂದ ನಿಮ್ಮ ಸಂಪಾದನೆ ಶುರು. ನಿಮಗೆ ಬೇಕಾದ 36,000 ಕೈಗೆ ಬರಬೇಕಾದರೆ 780 ಕಾರ್ಡ್ ಮಾರಬೇಕು. ಊರಿನ ಜನರಿಂದ 1,56,000 ರೂಪಾಯಿ ಎತ್ತಿ, ಅದರಲ್ಲಿ 36,000 ಮಕ್ಕಳಿಗೆ ತಲುಪಿಸಿದ ಹಾಗಾಯಿತು. 500 ಕಾರ್ಡಿಗೆ ನಿಂತುಹೋದರೆ ಸಂಘಕ್ಕೆ 20,000 ಸಾಲ. ಶಿಬಿರವೂ ಇಲ್ಲ, ಮೇಲೆ ಸಾಲ.

ಅದೇ ಕಾರ್ಡನ್ನು ನೀವೇ ಮಾಡಿಸಿದರೆ? 100 ರೂಪಾಯಿ ಬೆಲೆ ಇಡಿ. ದಪ್ಪ ಕಾಗದ, ಎರಡೂ ಕಡೆ ಮುದ್ರಣ, ಲ್ಯಾಮಿನೇಷನ್ ಎಲ್ಲ ಸೇರಿ ಒಂದಕ್ಕೆ 10 ರೂಪಾಯಿ ಅಂತ ಹಿಡಿದು 500 ಮಾಡಿಸಿ. ಖರ್ಚು 5,000. 410 ಕಾರ್ಡ್ ಮಾರಿದರೆ 41,000 ಬಂತು, ಖರ್ಚು ಕಳೆದು 36,000 ಉಳಿಯಿತು. ಅರ್ಧ ಬೆಲೆಯ ಕಾರ್ಡು, ಸುಮಾರು ಅರ್ಧದಷ್ಟೇ ಮಾರಾಟ, ಕೈಗೆ ಬರುವ ಹಣ ಅಷ್ಟೇ. ಪೂರ್ತಿ ಸೋತರೂ ಹೋಗುವುದು 5,000. ನಿಮ್ಮ ಊರಿನ ಪ್ರೆಸ್‌ನಲ್ಲಿ ದರ ಕೇಳಿ ಈ ಲೆಕ್ಕವನ್ನು ಇನ್ನೊಮ್ಮೆ ಹಾಕಿ.

ಅಮೆರಿಕದ ಉದಾಹರಣೆ ಸುಳ್ಳಲ್ಲ. ಅಲ್ಲಿ ಸ್ಕೌಟ್ ಮಕ್ಕಳು 'ಕ್ಯಾಂಪ್ ಕಾರ್ಡ್' ಮಾರುವುದು ನಿಜ. ಸಾಮಾನ್ಯವಾಗಿ 5 ಡಾಲರಿನ ಕಾರ್ಡು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮಾರಿದ ತಂಡಕ್ಕೆ ಸಿಗುತ್ತದೆ. ಕಾರ್ಡಿನ ಒಂದು ತುಂಡು ಮುರಿದು ಕೊಟ್ಟು ಒಂದೇ ಸಲ ಬಳಸುವ ದೊಡ್ಡ ರಿಯಾಯಿತಿಗಳು ಕೆಲವು, ವರ್ಷವಿಡೀ ನಡೆಯುವ ಚಿಕ್ಕ ರಿಯಾಯಿತಿಗಳು ಕೆಲವು ಅದರಲ್ಲಿರುತ್ತವೆ. ಆದರೆ ಏಜೆಂಟರು ಹೇಳದ ಎರಡು ವಿಷಯ ಇವೆ. ಅಲ್ಲಿ ಅಂಗಡಿಗಳ ಜೊತೆ ಮಾತಾಡಿ ಕಾರ್ಡ್ ಮಾಡಿಸುವುದು ಸ್ಕೌಟ್ ಸಂಸ್ಥೆಯ ಸ್ಥಳೀಯ ಮಂಡಳಿಯೇ, ಖಾಸಗಿಯವರಲ್ಲ. ಇನ್ನೊಂದು, ಮಾರದೆ ಉಳಿದ ಕಾರ್ಡನ್ನು ಗಡುವಿನೊಳಗೆ ಹಿಂದಿರುಗಿಸುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ಕಳೆದುಕೊಂಡರೆ ಮಾತ್ರ ಹಣ ಕಟ್ಟಬೇಕು. ನಿಮ್ಮ ಏಜೆಂಟರು ಫೋಟೋ ತಂದಿದ್ದಾರೆ, ಆ ವಾಪಸಾತಿಯನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

ಇನ್ನು ಭಿಕ್ಷೆಯ ಮಾತು. ಆ ಪೋಷಕರ ಮೇಲೆ ಸಿಟ್ಟಾಗಬೇಡಿ, ಅವರು ಕೇಳಿರುವುದು ಸರಿಯಾದ ಪ್ರಶ್ನೆ. 2015ರ ಬಾಲನ್ಯಾಯ ಕಾಯ್ದೆ ಭಿಕ್ಷೆ ಅಂದರೇನು ಎಂದು ಹೇಳುವಾಗ, ಯಾವುದೇ ನೆಪ ಇಟ್ಟುಕೊಂಡು ದಾನ ಕೇಳುವುದನ್ನೂ ಅದರಲ್ಲಿ ಸೇರಿಸಿದೆ. ಮಕ್ಕಳನ್ನು ಭಿಕ್ಷೆಗೆ ಬಳಸಿಕೊಂಡವರಿಗೆ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಇದೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಗೆರೆ ಎಲ್ಲಿದೆ ಅಂತ ಗೊತ್ತಿರಲಿ ಅಷ್ಟೇ. ಕೊಂಡವರಿಗೆ ಕಾರ್ಡಿನಿಂದ ನಿಜಕ್ಕೂ 100 ರೂಪಾಯಿಗಿಂತ ಜಾಸ್ತಿ ಉಪಯೋಗ ಆಗುತ್ತದೆ ಅಂದರೆ ಅದು ಮಾರಾಟ. ಅಂಗಡಿಯವರು ಕಾರ್ಡನ್ನು ಒಪ್ಪುವುದಿಲ್ಲ, ಜನ ಮಗುವಿನ ಮುಖ ನೋಡಿ ದುಡ್ಡು ಕೊಡುತ್ತಾರೆ ಅಂದರೆ ಅಲ್ಲಿ ಕಾರ್ಡು ಬರೀ ನೆಪ. ಹಾಗಾಗಿ ಇಡೀ ಯೋಜನೆಯ ಮಾನ ಅಂಗಡಿಯವರ ಮಾತಿನ ಮೇಲೆ ನಿಂತಿದೆ. ನೀವು ಜಾಸ್ತಿ ಸಮಯ ಕೊಡಬೇಕಾದ್ದು ಅಲ್ಲಿಗೆ.

ನಾನು ನೋಡಿರುವ ಹಾಗೆ ಇಂಥ ಕಾರ್ಡುಗಳು ಕೆಡುವುದು ಗಲ್ಲಾದ ಹತ್ತಿರ. ಮಾಲೀಕರು ಖುಷಿಯಿಂದ ಒಪ್ಪಿರುತ್ತಾರೆ. ಕಾರ್ಡ್ ತೋರಿಸಿದ ದಿನ ಅವರು ಅಂಗಡಿಯಲ್ಲಿ ಇರುವುದಿಲ್ಲ. ಗಲ್ಲಾದಲ್ಲಿ ಕೂತ ಹುಡುಗ "ಇದೆಲ್ಲ ನಂಗೊತ್ತಿಲ್ಲ ಸಾರ್" ಅನ್ನುತ್ತಾನೆ. ಕೊಂಡವರು ಅಂಗಡಿಯವರನ್ನು ಬೈಯುವುದಿಲ್ಲ, ಮಾರಿದ ಮಗುವಿನ ಮನೆಗೆ ಬಂದು ಕೇಳುತ್ತಾರೆ. ಅದಕ್ಕೇ ಪ್ರತಿ ಅಂಗಡಿಯಿಂದಲೂ ಒಂದು ಹಾಳೆಯ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಏನು ಕೊಡುತ್ತಾರೆ, ಎಷ್ಟು ರೂಪಾಯಿ ಬಿಲ್‌ಗೆ, ಯಾವ ದಿನಾಂಕದವರೆಗೆ, ಹಬ್ಬದ ದಿನ ನಡೆಯುತ್ತದೋ ಇಲ್ಲವೋ ಅನ್ನುವುದೆಲ್ಲ ಅದರಲ್ಲಿ ಇರಲಿ. ಕೆಳಗೆ ಸಹಿ ಮತ್ತು ಅಂಗಡಿಯ ಸೀಲು. ಅದರ ಒಂದು ಜೆರಾಕ್ಸ್ ಗಲ್ಲಾದ ಹತ್ತಿರ ಅಂಟಿಸಲು ಒಪ್ಪಿಸಿ. ಕಾರ್ಡ್ ಮಾರಾಟ ಶುರುವಾಗುವ ಮೊದಲೇ ಸಂಘದ ಒಬ್ಬರು ಗಿರಾಕಿಯಾಗಿ ಹೋಗಿ ಕಾರ್ಡ್ ತೋರಿಸಿ ನೋಡಲಿ. ರಿಯಾಯಿತಿ ಸಿಗದ ಅಂಗಡಿಯ ಹೆಸರನ್ನು ಸುಮ್ನೆ ತೆಗೆದುಬಿಡಿ.

ಏಜೆಂಟರು ಹೇಳಿದ 20 ಅಂಗಡಿಗಳ ಪಟ್ಟಿ ನಿಮ್ಮ ಹತ್ತಿರ ಇದ್ದರೆ, ಅದರಲ್ಲಿ ಐದು ಅಂಗಡಿಗೆ ನೀವೇ ಹೋಗಿ "ನಿಮ್ಮ ಹೆಸರಲ್ಲಿ ಈ ರಿಯಾಯಿತಿ ಇದೆಯಂತೆ, ಹೌದಾ?" ಅಂತ ಕೇಳಿ. ಆ ಪಟ್ಟಿಯಲ್ಲಿ ಬೆಂಗಳೂರಿನ ಅಂಗಡಿಗಳು ಎಷ್ಟಿವೆ ಅಂತಲೂ ಎಣಿಸಿ. ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. 50 ರೂಪಾಯಿ ಉಳಿಸಲು ಬಸ್ಸು ಹತ್ತಿ ಯಾರು ಹೋಗುತ್ತಾರೆ? ಕೋಲಾರ, ಚಿಕ್ಕಬಳ್ಳಾಪುರದ ಸಂಘಗಳಿಗೂ ಇದೇ ಮಾತು. ಎಂ.ಜಿ. ರಸ್ತೆ, ಅಶೋಕ ರಸ್ತೆ, ಎಸ್.ಎಸ್. ಪುರಂ, ನಿಮ್ಮ ಬಡಾವಣೆಯ ಅಕ್ಕಪಕ್ಕ, ಇಷ್ಟರೊಳಗಿನ ಹತ್ತು ಅಂಗಡಿ ಸಾಕು.

ಯಾವ ಅಂಗಡಿ ಕೇಳಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಲಾಭದ ಅಂಚು ತೆಳುವಾಗಿರುವ ಕಡೆ ರಿಯಾಯಿತಿ ಕೇಳಿದರೆ ಅವರು ಮುಲಾಜಿಗೆ ಹೂಂ ಅಂದು ಆಮೇಲೆ ತಪ್ಪಿಸಿಕೊಳ್ಳುತ್ತಾರೆ. ದಿನಸಿ, ಹಾಲು, ಪೆಟ್ರೋಲ್, ಮೊಬೈಲ್ ರೀಚಾರ್ಜ್ ಬೇಡ. ಔಷಧದ ಅಂಗಡಿಯ ವಿಷಯ ತಿಳಿದಿರಲಿ: ಸರ್ಕಾರ ಬೆಲೆ ಕಟ್ಟಿದ ಔಷಧಗಳಿಗೆ 2013ರ ಬೆಲೆ ನಿಯಂತ್ರಣ ಆದೇಶದಲ್ಲಿ ಚಿಲ್ಲರೆ ವ್ಯಾಪಾರಿಗೆ ಲೆಕ್ಕ ಹಿಡಿದಿರುವ ಲಾಭವೇ ಶೇ. 16. ಅಂಥವರು ಎಲ್ಲ ಔಷಧಕ್ಕೂ ಶೇ. 20 ಬಿಡುತ್ತೇನೆ ಅಂದರೆ ಆ ಮಾತು ನಿಲ್ಲುವುದು ಕಷ್ಟ. ವೈದ್ಯರ ಹೆಸರನ್ನು ಕಾರ್ಡಿನಲ್ಲಿ ಹಾಕಲೇಬೇಡಿ. ರೋಗಿಗಳನ್ನು ಸೆಳೆಯಲು ಜಾಹೀರಾತು ಕೊಡುವುದನ್ನು ವೈದ್ಯರ ನಡತೆಯ 2002ರ ನಿಯಮಗಳು ಒಪ್ಪುವುದಿಲ್ಲ, ನಿಮ್ಮಿಂದ ಅವರಿಗೆ ತೊಂದರೆ. ಮಕ್ಕಳ ಕೈಯಲ್ಲಿರುವ ಕಾರ್ಡು, ಬಾರ್ ಹೆಸರು ಬೇಡ ಅಂತ ನಾನು ಹೇಳಬೇಕಾಗಿಲ್ಲ.

ಬೇಕರಿ, ಟೈಲರ್, ಚಪ್ಪಲಿ ಅಂಗಡಿ, ಪುಸ್ತಕ-ಸ್ಟೇಷನರಿ, ಸೈಕಲ್ ರಿಪೇರಿ, ಕನ್ನಡಕದ ಅಂಗಡಿ, ಫೋಟೋ ಸ್ಟುಡಿಯೋ, ಆಟದ ಸಾಮಾನಿನ ಅಂಗಡಿ, ಕಟಿಂಗ್ ಶಾಪ್ ಇವೆಲ್ಲ ಒಳ್ಳೆಯವು. ಹೋಟೆಲಿನವರ ಹತ್ತಿರ ಶೇಕಡಾ ಲೆಕ್ಕ ಕೇಳುವುದಕ್ಕಿಂತ ವಸ್ತುವನ್ನೇ ಕೇಳಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹಾಕುವವರಿಗೆ ಶೇ. 10 ಬಿಡಿ ಅಂದರೆ ಚಿಲ್ಲರೆ ಲೆಕ್ಕ ಹಾಕುತ್ತಾ ಕೂರಬೇಕು. "ನಾಲ್ಕು ಪ್ಲೇಟ್ ತೆಗೆದುಕೊಂಡವರಿಗೆ ಒಂದು ಕಾಫಿ ಉಚಿತ" ಅಂದರೆ ಅವರಿಗೆ ತಗಲುವ ಖರ್ಚು ಕಡಿಮೆ, ಕೊಂಡವರಿಗೆ ಸಿಗುವ ಬೆಲೆ ಜಾಸ್ತಿ, ಮನೆಮಂದಿಯೆಲ್ಲ ಬರುತ್ತಾರೆ. ಅಂಗಡಿಯವರಿಗೂ ಉಪಯೋಗ ಕಂಡರೆ ಮಾತ್ರ ಕಾರ್ಡು ವರ್ಷವಿಡೀ ನಡೆಯುತ್ತದೆ. ಎಂಆರ್‌ಪಿಗಿಂತ ಕಡಿಮೆಗೆ ಮಾರಲು ಯಾರ ಅನುಮತಿಯೂ ಬೇಕಾಗಿಲ್ಲ. ಜಾಸ್ತಿಗೆ ಮಾರುವುದು ಮಾತ್ರ ತಪ್ಪು.

ಅಂಗಡಿಯವರಿಂದಲೇ 500 ರೂಪಾಯಿ ಪಡೆದು ಮುದ್ರಣದ ಖರ್ಚು ಸರಿದೂಗಿಸಬಹುದಲ್ವಾ ಅಂತ ನೀವು ಕೇಳಬಹುದು. ಬರುತ್ತದೆ, ಹತ್ತು ಜನರಿಂದ 5,000. ಆದರೆ ಹಾಗೆ ಮಾಡಿ ಅಂತ ನಾನು ಹೇಳುವುದಿಲ್ಲ. ದುಡ್ಡು ಕೊಟ್ಟವರು ತಾವು ಕೊಟ್ಟಾಯಿತು ಅಂದುಕೊಳ್ಳುತ್ತಾರೆ, ರಿಯಾಯಿತಿಯ ಹೊತ್ತಿಗೆ ಕೈ ಬಿಗಿ ಹಿಡಿಯುತ್ತಾರೆ. ಎರಡರಲ್ಲಿ ಒಂದು ಕೇಳಿ.

ಜಿಎಸ್‌ಟಿಗೆ ಬರೋಣ. ಕರ್ನಾಟಕದಲ್ಲಿ ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ, ಬರೀ ಸರಕಿನದಾದರೆ 40 ಲಕ್ಷ ದಾಟಿದಾಗ ಮಾತ್ರ ನೋಂದಣಿಯ ಪ್ರಶ್ನೆ. 41,000 ರೂಪಾಯಿಗೆ ಅದರ ಚಿಂತೆ ಬೇಡ. ಒಂದು ಎಚ್ಚರಿಕೆ ಮಾತ್ರ: ಸಂಘಕ್ಕೆ ಬಾಡಿಗೆಗೆ ಕೊಡುವ ಸಮುದಾಯ ಭವನವೋ ಮಳಿಗೆಯೋ ಇದ್ದರೆ ಆ ಆದಾಯವೂ ಈ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಆಡಿಟರಿಗೆ ಹೇಳಿಡಿ.

ನೀವು ಕೇಳದಿದ್ದರೂ ಇದನ್ನು ಹೇಳಬೇಕು, ಯಾಕೆಂದರೆ ಮಾರುವವರ ಬಾಯಲ್ಲಿ ಈ ಮಾತು ಸುಲಭವಾಗಿ ಬರುತ್ತದೆ: "ಇದಕ್ಕೆ ಟ್ಯಾಕ್ಸ್ ವಿನಾಯಿತಿ ಸಿಗುತ್ತೆ." ಸಿಗುವುದಿಲ್ಲ. 80ಜಿ ಅಂತ ಕರೆಯುವ ಆದಾಯ ತೆರಿಗೆ ವಿನಾಯಿತಿ ಅದಕ್ಕೆಂದೇ ಮಂಜೂರಾತಿ ಪಡೆದ ಸಂಸ್ಥೆಗೆ ಕೊಟ್ಟ ದಾನಕ್ಕೆ. ಕಾರ್ಡ್ ಕೊಂಡವರು ಪ್ರತಿಯಾಗಿ ರಿಯಾಯಿತಿ ಪಡೆಯುತ್ತಾರೆ, ಅದು ದಾನ ಅಲ್ಲ. ಯಾರಾದರೂ ಕಾರ್ಡ್ ಬೇಡ, ಸುಮ್ನೆ ಸಾವಿರ ರೂಪಾಯಿ ತಗೊಳ್ಳಿ ಅಂದರೆ ಬೇರೆ ರಸೀದಿ ಪುಸ್ತಕದಲ್ಲಿ ದಾನ ಅಂತ ಬರೆದು ಕೊಡಿ. ಎರಡನ್ನೂ ಬೆರೆಸಬೇಡಿ.

ಲಕ್ಕಿ ಡಿಪ್ ಬೇಡವೇ ಬೇಡ. ಊರ ಜಾತ್ರೆಯಲ್ಲಿ, ಕ್ಲಬ್ಬಿನಲ್ಲಿ ನಡೆಯುತ್ತಲೇ ಇರುತ್ತದೆ, ನಮಗೇನು ಅನ್ನಿಸುತ್ತದೆ. ಹಣ ಪಡೆದು ಚೀಟಿ ಎತ್ತಿ ಬಹುಮಾನ ಕೊಡುವುದು ಕಾನೂನಿನ ಕಣ್ಣಿಗೆ ಲಾಟರಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ಅನುಮತಿ ಇಲ್ಲದ ಲಾಟರಿಗೆ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮು ಇದೆ. ಬೈಕ್ ಸಿಗುತ್ತೆ, ಮಿಕ್ಸಿ ಸಿಗುತ್ತೆ ಅಂತ 12 ವರ್ಷದ ಮಗು ಮನೆಮನೆಗೆ ಹೋಗಿ ಹೇಳುವುದನ್ನು ನನ್ನಿಂದ ಒಪ್ಪಲು ಆಗುವುದಿಲ್ಲ.

ಈಗ ಮಕ್ಕಳ ವಿಷಯ. ಒಂದು ಮಗುವಿಗೆ 25 ಅನ್ನುವ ಗುರಿಯನ್ನು ತೆಗೆದುಹಾಕಿ. ಬಟ್ಟೆ ಅಂಗಡಿ ಇಟ್ಟುಕೊಂಡವರ ಮಗ ಅಪ್ಪನ ಗಿರಾಕಿಗಳಿಗೇ 50 ಮಾರುತ್ತಾನೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯ ಮಗಳು ಎರಡು ಮಾರುವುದೂ ಕಷ್ಟ. ಗುರಿ ಮುಟ್ಟಿಸಲು ಆ ತಾಯಿಯೇ ತನ್ನ ಸಂಬಳದಿಂದ ಕಾರ್ಡ್ ಕೊಳ್ಳುತ್ತಾಳೆ. ಯಾರಿಗೆ ನೆರವಾಗಲು ಹೊರಟಿದ್ದೆವೋ ಅವರ ಮೇಲೇ ಹೊರೆ. ಮಾರಿದವರಿಗೆ ಮಾತ್ರ ಶುಲ್ಕದಲ್ಲಿ ರಿಯಾಯಿತಿ ಅನ್ನುವ ಪದ್ಧತಿಯೂ ಬೇಡ. ಬಂದ ಹಣ ಪೂರ್ತಿ ಶಿಬಿರದ್ದು. ಯಾವ ಮಗುವಿಗೆ ಎಷ್ಟು ಕಡಿಮೆ ಮಾಡಿದ್ದೀರಿ ಅನ್ನುವುದು ನಿಮಗೆ ಮತ್ತು ಅಧ್ಯಕ್ಷರಿಗೆ ಮಾತ್ರ ಗೊತ್ತಿರಲಿ. ಅಮೆರಿಕದ ಮಾತು ಬಂತಲ್ಲ, ಅಲ್ಲಿ ವರ್ಜೀನಿಯಾದ ಒಂದು ಜಿಮ್ನಾಸ್ಟಿಕ್ಸ್ ಪೋಷಕರ ಸಂಘ ಯಾರ ಮಗು ಎಷ್ಟು ಮಾರಿತೋ ಅಷ್ಟನ್ನು ಆ ಮಗುವಿನ ಶುಲ್ಕಕ್ಕೇ ಜಮಾ ಮಾಡುತ್ತಿತ್ತು. ಅದಕ್ಕೆ ತೆರಿಗೆ ವಿನಾಯಿತಿ ಹೋಯಿತು, 2013ರಲ್ಲಿ ನ್ಯಾಯಾಲಯವೂ ಆ ಕ್ರಮವನ್ನು ಎತ್ತಿಹಿಡಿಯಿತು. ಎಲ್ಲರ ಹೆಸರಲ್ಲಿ ಎತ್ತಿದ ಹಣ ಕೆಲವರ ಲಾಭಕ್ಕೆ ಹೋಗಬಾರದು ಅನ್ನುವುದು ಅದರ ಹಿಂದಿನ ತತ್ವ.

ಮಾರಾಟಕ್ಕೆ ಮಕ್ಕಳು ಒಬ್ಬೊಬ್ಬರೇ ಹೋಗಬಾರದು. ಇಬ್ಬರು ಮಕ್ಕಳ ಜೊತೆ ಸಂಘದ ಒಬ್ಬ ದೊಡ್ಡವರು, ಅದೂ ಪೋಷಕರು ಬರೆದು ಒಪ್ಪಿಗೆ ಕೊಟ್ಟ ಮೇಲೆ. ಗುರುತಿರುವ ಬೀದಿಗಳಲ್ಲಿ, ಸಂಜೆ ಕತ್ತಲಾಗುವ ಮೊದಲು. ಸಿಗ್ನಲ್‌ನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಡಿ. ಅಲ್ಲಿ ಮಕ್ಕಳು ಏನನ್ನೋ ಮಾರುವುದನ್ನು ಕಂಡವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಾರೆ, ಮಾಡಬೇಕಾದ್ದೂ ಅದನ್ನೇ. ನನ್ನ ಪ್ರಕಾರ 14 ದಾಟದ ಮಕ್ಕಳು ಮಾರಾಟಕ್ಕೆ ಹೋಗುವುದೇ ಬೇಡ. ಕಾರ್ಡಿನ ಮೇಲೆ ಹಾಕುವ ಚಿತ್ರ ಬರೆಯಲಿ, ಅಂಗಡಿಯವರಿಗೆ ಧನ್ಯವಾದದ ಪತ್ರ ಬರೆಯಲಿ. ಮಾರಾಟದ ಭಾರ ದೊಡ್ಡವರು ಹೊತ್ತುಕೊಳ್ಳಿ. ಸಂಘದ 20 ಜನ ದೊಡ್ಡವರು ತಲಾ 15 ಕಾರ್ಡ್ ತಮ್ಮ ಆಫೀಸು, ನೆಂಟರು, ಸ್ನೇಹಿತರಲ್ಲಿ ಮಾರಿದರೆ 300 ಆಯಿತು.

ಹಣದ ಜಾಡು ಎಲ್ಲೂ ತಪ್ಪಬಾರದು. ಸಂಘಗಳಲ್ಲಿ ನಾನು ಕಂಡ ಜಗಳಗಳಲ್ಲಿ ಕಳ್ಳತನ ಕಡಿಮೆ, ಬೆರಕೆ ಜಾಸ್ತಿ. ಯಾರದೋ ಸ್ವಂತ ಫೋನ್‌ಪೇಗೆ ದುಡ್ಡು ಬಂತು, ಅದರಿಂದಲೇ ಮನೆಯ ಗ್ಯಾಸ್ ಬುಕ್ ಆಯಿತು, ಆಮೇಲೆ ಯಾವುದು ಯಾರದ್ದು ಅಂತ ಬಿಡಿಸಲು ಆಗಲಿಲ್ಲ. ಸಂಘದ ಬ್ಯಾಂಕ್ ಖಾತೆಗೆ ಸೇರಿದ ಕ್ಯೂಆರ್ ಕೋಡ್ ಮಾತ್ರ ಬಳಸಿ. ಸ್ಕ್ಯಾನ್ ಮಾಡಿದಾಗ ಸಂಘದ ಹೆಸರೇ ಬರಬೇಕು. ಯಾರಾದರೂ ಪೇಮೆಂಟ್ ಆಯ್ತು ಅಂತ ಸ್ಕ್ರೀನ್‌ಶಾಟ್ ತೋರಿಸಿದರೆ ಸಾಲದು, ಖಾತೆಗೆ ಬಂದಿದೆಯಾ ನೋಡಿ ಕಾರ್ಡ್ ಕೊಡಿ. ಪ್ರತಿ ಕಾರ್ಡಿಗೂ ಕ್ರಮಸಂಖ್ಯೆ ಇರಲಿ. ಯಾವ ನಂಬರಿನಿಂದ ಯಾವ ನಂಬರಿನವರೆಗೆ ಯಾರು ತೆಗೆದುಕೊಂಡರು, ಎಷ್ಟು ಮಾರಿದರು, ಎಷ್ಟು ವಾಪಸ್ ಕೊಟ್ಟರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಿ. ನಗದನ್ನು ವಾರಕ್ಕೊಮ್ಮೆ ಬ್ಯಾಂಕಿಗೆ ಕಟ್ಟಿ. ಕಟ್ಟುವ ಮೊದಲು ಅದರಿಂದ ಖರ್ಚು ಮಾಡಬೇಡಿ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗಿನ ಸಂಘ ಆದರೆ ವರ್ಷದ ಲೆಕ್ಕ ಸಲ್ಲಿಸುವಾಗ ಈ ನೋಟ್‌ಬುಕ್ಕೇ ನಿಮ್ಮ ಆಧಾರ.

ಯಾವಾಗ ಮಾರಬೇಕು? ಗೌರಿ-ಗಣೇಶ ಹಬ್ಬಕ್ಕೆ ಎರಡು ಮೂರು ವಾರ ಮೊದಲು ಕಾರ್ಡ್ ಜನರ ಕೈಗೆ ಬಂದರೆ ಹಬ್ಬದ ಬಟ್ಟೆ, ಚಪ್ಪಲಿ, ಬೇಕರಿ ಖರೀದಿಯಲ್ಲೇ ಕೊಟ್ಟ 100 ರೂಪಾಯಿ ವಾಪಸ್ ಬಂದುಬಿಡುತ್ತದೆ. ಅವಧಿಯನ್ನು ಯುಗಾದಿವರೆಗೆ ಇಡಿ. "ಹಬ್ಬದ ದಿನಗಳಲ್ಲಿ ಅನ್ವಯಿಸುವುದಿಲ್ಲ" ಅಂತ ಯಾವ ಅಂಗಡಿಯವರಾದರೂ ಹೇಳಿದರೆ ಅದನ್ನು ಚಿಕ್ಕ ಅಕ್ಷರದಲ್ಲಿ ಮೂಲೆಗೆ ತಳ್ಳಬೇಡಿ. ರಿಯಾಯಿತಿ ಬರೆದಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಕಾರ್ಡ್ ಒಂದೇ ದಾರಿ ಅಲ್ಲ ಅನ್ನುವುದೂ ನೆನಪಿರಲಿ. 1950ರಲ್ಲಿ ಶುರುವಾದ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ 'ಖರೀ ಕಮಾಯಿ' ಅಂತ ಒಂದು ಪದ್ಧತಿ ಇದೆ. ಮಕ್ಕಳು ಸಣ್ಣಪುಟ್ಟ ಕೆಲಸ ಮಾಡಿ, ಅದಕ್ಕೆ ಸಿಕ್ಕ ಹಣವನ್ನು ತಂಡಕ್ಕೆ ತರುತ್ತಾರೆ. ಒಂದು ಭಾನುವಾರ ದೊಡ್ಡವರ ಜೊತೆ ಮಕ್ಕಳು ಚುರುಮುರಿ, ಪಾನಕದ ಸ್ಟಾಲ್ ಹಾಕಿದರೂ ಆದೀತು. ಹಣದ ಬದಲು ಸಾಮಾನು ಕೇಳುವುದು ಇನ್ನೂ ಸುಲಭ. ಮಂಡಿಪೇಟೆಯ ವ್ಯಾಪಾರಿಗಳ ಹತ್ತಿರ ನೀವು 5,000 ರೂಪಾಯಿ ಕೇಳಿದರೆ ಯೋಚಿಸುತ್ತಾರೆ. ಮಕ್ಕಳ ಊಟಕ್ಕೆ ಒಂದು ಮೂಟೆ ಅಕ್ಕಿ ಕೇಳಿದರೆ ಆಳಿನ ಹತ್ತಿರ ಹೊರಿಸಿ ಕಳಿಸುವವರು ಇದ್ದಾರೆ. ಅಕ್ಕಿ, ಬೇಳೆ, ಎಣ್ಣೆ, ತರಕಾರಿ ಹೀಗೆ ಬಂದರೆ ತಲಾ 1,800 ಅನ್ನುವುದೇ ಕೆಳಗಿಳಿಯುತ್ತದೆ. ಆಗ ಮಾರಬೇಕಾದ ಕಾರ್ಡೂ ಕಡಿಮೆ.

ಏಜೆಂಟರಿಗೆ ಇನ್ನೂ ಮುಂಗಡ ಕೊಟ್ಟಿಲ್ಲ ಅಂತ ನಿಮ್ಮ ಪತ್ರದಿಂದ ತಿಳಿಯಿತು, ಒಳ್ಳೆಯದಾಯಿತು. ಅವರಿಗೆ ಕೆಟ್ಟ ಮಾತು ಆಡಬೇಕಾಗಿಲ್ಲ. "ಮಾರಿದಷ್ಟಕ್ಕೆ ಮಾತ್ರ ಹಣ, ಉಳಿದದ್ದು ವಾಪಸ್, ಪ್ರತಿ ಅಂಗಡಿಯ ಒಪ್ಪಿಗೆ ಪತ್ರ, ನಿಮ್ಮ ಹೆಸರಿನ ಬಿಲ್, ಇಷ್ಟಕ್ಕೆ ಒಪ್ಪುತ್ತೀರಾ?" ಅಂತ ಬರವಣಿಗೆಯಲ್ಲಿ ಕೇಳಿ. ಒಪ್ಪಿದರೆ 200 ಕಾರ್ಡ್ ತೆಗೆದುಕೊಂಡು ನೋಡಬಹುದು. ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಿತು.

ದಸರಾ ಹತ್ತಿರ ಬಂದರೂ 36,000 ಆಗಲಿಲ್ಲ ಅಂದುಕೊಳ್ಳಿ. ಆಗ ಹಣ ಕೊಡದ ಮಕ್ಕಳನ್ನು ಕೈಬಿಡಬೇಡಿ. ಮೂರು ದಿನವನ್ನು ಎರಡು ದಿನ ಮಾಡಿ, ಆದರೆ 40 ಮಕ್ಕಳೂ ಹೋಗಲಿ. ಬಸ್ಸಿನ ಮುಂಗಡ ಕೊಡುವ ಮೊದಲು ಈ ತೀರ್ಮಾನವನ್ನು ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಬರೆದಿಡಿ. ಪೋಷಕರ ಸಭೆಯಲ್ಲಿ ಅದನ್ನು ಓದಿ ಹೇಳಿದ ಮೇಲೆಯೇ ಮೊದಲ ಕಾರ್ಡ್ ಮಾರಿ.